ಮನುಷ್ಯನ ವಿವೇಕವೂ ಪ್ರಾಣಿಗಳ ವಿವೇಕವೂ

ಮನುಷ್ಯನು ವಿವೇಕವುಳ್ಳ ಪ್ರಾಣಿ, ಉಳಿದ ಪ್ರಾಣಿಗಳಿಗೆ ಅದಿಲ್ಲ ಎಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಗ್ರೀಸ್ ದೇಶದ ಅರಿಸ್ಟಾಟಲನ ಕಾಲದಿಂದ ಪಶ್ಚಿಮದ ಪಂಡಿತರು ಇದನ್ನೇ ಹೇಳಿದರು. ಆಹಾರ, ನಿದ್ರೆ, ಭಯ, ಸಂತಾನ ಇವು ಮನುಷ್ಯನಿಗೂ ಪಶುವಿಗೂ ಸಮಾನವಾದವು, ಇವುಗಳಾಚೆಗಿನದೊಂದೇ ಮನುಷ್ಯನ ಹೆಚ್ಚಳ ಎಂದು ನಮ್ಮ ಸುಭಾಷಿತಕಾರರೂ ಹೇಳಿದರು. ಆದರೆ ಈ ಹೆಚ್ಚಳವು ಯಾವುದು, ಎಷ್ಟು, ಅದು ಎಲ್ಲಿರುತ್ತದೆ ಎಂದು ಯಾರಾದರೂ ನಿಲ್ಲಿಸಿ ಕೇಳಿದರೆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಕಳೆದ ನೂರು ವರ್ಷಗಳಲ್ಲಿ ಶಾಸ್ತ್ರಜ್ಞರು ಪ್ರಾಣಿಗಳನ್ನೂ ಮನುಷ್ಯರನ್ನೂ ಒಂದೇ ಬಗೆಯ ಪರೀಕ್ಷೆಗೆ ಒಡ್ಡಿ ನೋಡಿದ್ದಾರೆ. ಅದರಿಂದ ತಿಳಿದುಬಂದ ಕೆಲವು ಸಂಗತಿಗಳು ನಮ್ಮ ಅಭಿಮಾನವನ್ನು ತಗ್ಗಿಸುವಂಥವು, ಕೆಲವು ಹೆಚ್ಚಿಸುವಂಥವು. ವಿಶಾಖಪಟ್ಟಣದ ಕಡಲ ದಡದಲ್ಲಿಯೂ ವಿಜಯವಾಡದ ಕೃಷ್ಣೆಯ ದಡದಲ್ಲಿಯೂ ಸಂಸಾರ ಹೂಡಿರುವ ನಮ್ಮಂಥ ಕನ್ನಡಿಗರಿಗೆ ಇದು ಬರಿಯ ತರ್ಕದ ವಿಷಯವಲ್ಲ, ಪ್ರಾಣದ ವಿಷಯವೂ ಹೌದು. ಆದ್ದರಿಂದ ಈ ಸಂಚಿಕೆಯಲ್ಲಿ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಮಾತಿನ ಅರ್ಥ ಖಚಿತವಾಗಬೇಕು. ವಿವೇಕವೆಂದರೆ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಬೆರೆಸಿ ಹೇಳುತ್ತೇವೆ. ಬೇಕಾದ ಫಲಕ್ಕೆ ತಕ್ಕ ದಾರಿಯನ್ನು ಆರಿಸಿಕೊಳ್ಳುವುದು ಒಂದು. ಆರಿಸಿದ್ದಕ್ಕೆ ಕಾರಣ ಹೇಳಬಲ್ಲವರಾಗಿರುವುದು ಇನ್ನೊಂದು. ಎರಡನೆಯದು ಮನುಷ್ಯನಿಗೆ ಮಾತ್ರ ಸಾಧ್ಯ, ಏಕೆಂದರೆ ಮಾತು ಇರುವುದು ಅವನಿಗೆ. ಆದರೆ ಕಾರಣ ಹೇಳಬಲ್ಲವನು ಸರಿಯಾದುದನ್ನೇ ಆರಿಸುತ್ತಾನೆ ಎಂಬ ನಿಯಮವಿಲ್ಲ. ಕಾರಣ ಹೇಳಲಾರದ ಪ್ರಾಣಿಯು ಸರಿಯಾದುದನ್ನು ಆರಿಸಲಾರದು ಎಂಬ ನಿಯಮವೂ ಇಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ತಿಳಿಯುತ್ತದೆ.

ಕಡಲಾಮೆಯ ನಿಯಮ

ವಿಶಾಖಪಟ್ಟಣದ ಮರಳಿನ ದಡಕ್ಕೆ ಚಳಿಗಾಲದ ಕೊನೆಯ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ತಾಯಿ ಆಮೆಯು ರಾತ್ರಿ ದಡವೇರಿ, ಹಳ್ಳ ತೋಡಿ, ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಕಡಲಿಗೆ ಮರಳುತ್ತದೆ. ಮತ್ತೆ ಅದು ಆ ಕಡೆ ತಿರುಗಿ ನೋಡುವುದಿಲ್ಲ. ಒಂದೂವರೆ ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ದಾರಿ ತೋರಿಸಲು ತಾಯಿಯಿಲ್ಲ. ಆದರೂ ಮರಿಯು ಕಡಲಿನ ದಿಕ್ಕನ್ನು ಹಿಡಿಯುತ್ತದೆ. ಹೇಗೆಂದರೆ, ರಾತ್ರಿಯ ಹೊತ್ತು ಬಯಲಾದ ಕಡಲ ಮೇಲಿನ ಆಕಾಶವು ನೆಲದ ಕಡೆಗಿಂತ ಹೆಚ್ಚು ಬೆಳಕಾಗಿರುತ್ತದೆ. ಬೆಳಕಿದ್ದ ಕಡೆಗೆ ನಡೆ ಎಂಬ ಒಂದು ನಿಯಮವು ಮರಿಯೊಡನೆ ಹುಟ್ಟಿಬರುತ್ತದೆ. ಲಕ್ಷಾಂತರ ವರ್ಷಗಳಲ್ಲಿ ತಪ್ಪು ದಿಕ್ಕಿಗೆ ಹೋದ ಮರಿಗಳು ಸತ್ತವು, ಸರಿಯಾದ ದಿಕ್ಕಿಗೆ ಹೋದವುಗಳ ಸಂತಾನ ಉಳಿಯಿತು. ಈ ನಿಯಮವನ್ನು ಯಾವ ಆಮೆಯೂ ಯೋಚಿಸಿ ಮಾಡಲಿಲ್ಲ. ಆದರೂ ಇದು ಯೋಚಿಸಿ ಮಾಡಿದಷ್ಟೇ ಚೆನ್ನಾಗಿದೆ.

ತೊಂದರೆ ಬರುವುದು ಪರಿಸ್ಥಿತಿ ಬದಲಾದಾಗ. ಈಗ ದಡದ ಉದ್ದಕ್ಕೂ ರಸ್ತೆಯ ದೀಪ, ಹೋಟೆಲುಗಳ ದೀಪ. ಬೆಳಕು ಹೆಚ್ಚಿರುವುದು ಕಡಲ ಕಡೆಗಲ್ಲ, ಊರ ಕಡೆಗೆ. ಮರಿಯು ತನ್ನ ನಿಯಮವನ್ನೇ ಪಾಲಿಸಿ ರಸ್ತೆಗೆ ಬಂದು ಸಾಯುತ್ತದೆ. ಇದಕ್ಕಾಗಿಯೇ ಅರಣ್ಯ ಇಲಾಖೆಯವರೂ ಸ್ವಯಂಸೇವಕರೂ ಮೊಟ್ಟೆಗಳನ್ನು ಬೇಲಿಯೊಳಗೆ ಮುಚ್ಚಿಟ್ಟು, ಮರಿಗಳಾದ ಮೇಲೆ ಕೈಯಾರೆ ನೀರಿನ ಬಳಿ ಬಿಡುತ್ತಾರೆ. ಆಮೆಯನ್ನು ದಡ್ಡ ಎನ್ನುವಂತಿಲ್ಲ. ಅದರ ನಿಯಮವು ಹುಟ್ಟಿದ ಜಗತ್ತೇ ಈಗ ಇಲ್ಲವಾಗಿದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಮನುಷ್ಯನ ವಿಷಯದಲ್ಲಿಯೂ ಇದು ಬರುತ್ತದೆ.

ಕಡಜದ ಲೆಕ್ಕ, ಜೇನಿನ ಸಭೆ

ಎಲ್ಲ ಪ್ರಾಣಿಗಳೂ ಇಷ್ಟು ಸರಳವಾದ ನಿಯಮದಿಂದ ನಡೆಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರಾಘವೇಂದ್ರ ಗದಗಕರ್ ಎಂಬ ವಿಜ್ಞಾನಿಗಳು ದಕ್ಷಿಣ ಭಾರತದ ಒಂದು ಜಾತಿಯ ಕಡಜವನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಈ ಕಡಜದ ಹೆಣ್ಣಿಗೆ ಎರಡು ದಾರಿಗಳಿವೆ. ಹುಟ್ಟಿದ ಗೂಡಿನಲ್ಲಿಯೇ ಉಳಿದು ರಾಣಿಯ ಮರಿಗಳನ್ನು ಸಾಕುವುದು ಒಂದು, ಹೊರಬಿದ್ದು ತಾನೇ ಗೂಡು ಕಟ್ಟಿ ತನ್ನ ಮರಿಗಳನ್ನು ಸಾಕುವುದು ಇನ್ನೊಂದು. ಸ್ವಂತ ಮನೆ ಇರುವಾಗ ಪರರ ಚಾಕರಿ ಏಕೆ ಎಂದು ನಮಗೆ ತೋರಬಹುದು. ಆದರೆ ಮೊಟ್ಟೆಯೊಂದು ರೆಕ್ಕೆಯ ಹುಳುವಾಗಲು ಸುಮಾರು ಎರಡು ತಿಂಗಳು ಬೇಕು, ದುಡಿಯುವ ಕಡಜದ ಸರಾಸರಿ ಆಯುಸ್ಸು ಅದಕ್ಕಿಂತ ಬಹಳ ಕಡಮೆ. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಕೂಡಿ ದುಡಿದವಳು ನಡುವೆ ಸತ್ತರೆ, ಅವಳು ಅರ್ಧ ಸಾಕಿದ ಮರಿಯನ್ನು ಉಳಿದವರು ದೊಡ್ಡದು ಮಾಡುತ್ತಾರೆ. ಆದ್ದರಿಂದ ಕೂಡಿರುವುದರಲ್ಲಿ ದುಡಿಮೆಗೆ ಭದ್ರವಾದ ಪ್ರತಿಫಲವಿದೆ ಎಂದು ಗದಗಕರ್ ಅವರು ೧೯೯೦ರಲ್ಲಿ ತೋರಿಸಿದರು. ಕಡಜಕ್ಕೆ ಗಣಿತ ಬಾರದು, ಅದರ ನಡತೆಯಲ್ಲಿ ಗಣಿತವಿದೆ.

ಜೇನಿನ ಹಿಂಡು ಹೊಸ ಮನೆಯನ್ನು ಆರಿಸುವ ರೀತಿ ಇನ್ನೂ ಸ್ವಾರಸ್ಯವಾದದ್ದು. ೧೯೫೦ರ ಆಸುಪಾಸಿನಲ್ಲಿ ಜರ್ಮನಿಯ ಮಾರ್ಟಿನ್ ಲಿಂಡಾವರ್ ಇದನ್ನು ಮೊದಲು ಗಮನಿಸಿದನು. ಅಮೆರಿಕದ ಥಾಮಸ್ ಸೀಲಿ ಮುಂದುವರಿಸಿದನು. ಹಳೆಯ ಗೂಡು ಬಿಟ್ಟ ಹಿಂಡು ಮರದ ಕೊಂಬೆಯಲ್ಲಿ ಜೋತುಬಿದ್ದಿರುತ್ತದೆ. ಕೆಲವು ನೂರು ಹುಳುಗಳು ನಾಲ್ಕು ದಿಕ್ಕಿಗೂ ಹೋಗಿ ಪೊಟರೆಗಳನ್ನು ನೋಡಿಬರುತ್ತವೆ. ನೋಡಿಬಂದ ಹುಳು ಹಿಂಡಿನ ಮೇಲೆ ಕುಣಿದು ಜಾಗದ ದಿಕ್ಕನ್ನೂ ದೂರವನ್ನೂ ತಿಳಿಸುತ್ತದೆ. ಜಾಗ ಒಳ್ಳೆಯದಾದರೆ ಹೆಚ್ಚು ಹೊತ್ತು ಕುಣಿಯುತ್ತದೆ, ಸಾಧಾರಣವಾದರೆ ಕಡಮೆ ಹೊತ್ತು. ಆ ಕುಣಿತವನ್ನು ಕಂಡ ಬೇರೆ ಹುಳು ಅದರ ಮಾತನ್ನು ಹಾಗೆಯೇ ನಂಬುವುದಿಲ್ಲ, ತಾನೇ ಹೋಗಿ ನೋಡಿಬಂದು ಆಮೇಲೆ ಕುಣಿಯುತ್ತದೆ. ಪ್ರತಿಯೊಂದು ಹುಳುವೂ ತನ್ನ ಜಾಗದ ಪರವಾದ ಕುಣಿತವನ್ನು ಕ್ರಮೇಣ ತಾನಾಗಿಯೇ ನಿಲ್ಲಿಸುತ್ತದೆ. ಒಂದು ಜಾಗದಲ್ಲಿ ಸಾಕಷ್ಟು ಹುಳುಗಳು ಒಮ್ಮೆಗೇ ಸೇರಿದಾಗ ಹಿಂಡು ಹೊರಡುತ್ತದೆ. ಇದರಲ್ಲಿ ರಾಣಿಯ ಅಪ್ಪಣೆಯಿಲ್ಲ. ಪರರ ಮಾತನ್ನು ಪರೀಕ್ಷಿಸಿ ನೋಡುವುದು, ತನ್ನ ಹಟವನ್ನು ಕಾಲಕ್ಕೆ ಬಿಡುವುದು ಎಂಬ ಈ ಎರಡು ಗುಣಗಳು ನಮ್ಮ ಸಂಘಗಳ ವಾರ್ಷಿಕ ಸಭೆಗಳಲ್ಲಿ ಎಷ್ಟು ಮಟ್ಟಿಗೆ ಕಾಣುತ್ತವೆ ಎಂಬುದನ್ನು ಸದಸ್ಯರ ಆಲೋಚನೆಗೆ ಬಿಡುತ್ತೇವೆ.

ಮನುಷ್ಯನು ಹಿಂದೆ ಬಿದ್ದ ಎರಡು ಪರೀಕ್ಷೆಗಳು

ಮನುಷ್ಯನೂ ಹಕ್ಕಿಯೂ ಒಂದೇ ಪರೀಕ್ಷೆಗೆ ಕುಳಿತ ಸಂಗತಿಯೊಂದುಂಟು. ಮೂರು ಮುಚ್ಚಿದ ಡಬ್ಬಿಗಳಿವೆ, ಒಂದರಲ್ಲಿ ಬಹುಮಾನ. ನೀವು ಒಂದನ್ನು ಮುಟ್ಟುತ್ತೀರಿ. ಬಹುಮಾನ ಎಲ್ಲಿದೆಯೆಂದು ಬಲ್ಲ ಯಜಮಾನನು ಉಳಿದೆರಡರಲ್ಲಿ ಖಾಲಿಯಾದ ಒಂದನ್ನು ತೆರೆದು ತೋರಿಸಿ, ಮೊದಲು ಮುಟ್ಟಿದ್ದನ್ನೇ ಇಟ್ಟುಕೊಳ್ಳುವಿರೋ, ಬದಲಾಯಿಸುವಿರೋ ಎಂದು ಕೇಳುತ್ತಾನೆ. ಎರಡೂ ಒಂದೇ ಎಂದು ಬಹುಮಂದಿಗೆ ತೋರುತ್ತದೆ, ಮೊದಲು ಮುಟ್ಟಿದ್ದಕ್ಕೇ ಅಂಟಿಕೊಳ್ಳುತ್ತಾರೆ. ಆದರೆ ಮೊದಲು ಮುಟ್ಟಿದ್ದು ಸರಿಯಾಗಿರುವ ಸಂಭವ ಮೂರರಲ್ಲಿ ಒಂದು ಮಾತ್ರ. ಮಿಕ್ಕ ಎರಡು ಪಾಲು ಉಳಿದ ಡಬ್ಬಿಗೆ ಸೇರುತ್ತದೆ. ಬದಲಾಯಿಸುವುದೇ ಲಾಭ. ೨೦೧೦ರಲ್ಲಿ ಅಮೆರಿಕದ ಹರ್ಬ್ರಾನ್ಸನ್ ಮತ್ತು ಶ್ರೋಡರ್ ಎಂಬುವರು ಪಾರಿವಾಳಗಳಿಗೆ ಕಾಳಿನ ಆಸೆಯಿಂದ ಇದೇ ಆಟವನ್ನು ಆಡಿಸಿದರು. ಒಂದು ತಿಂಗಳ ಅಭ್ಯಾಸದ ಕೊನೆಗೆ ಪಾರಿವಾಳಗಳು ನೂರಕ್ಕೆ ೯೬ ಸಲ ಬದಲಾಯಿಸುತ್ತಿದ್ದವು. ಕಾಲೇಜು ವಿದ್ಯಾರ್ಥಿಗಳು ಇನ್ನೂರು ಸಲ ಆಡಿದ ಮೇಲೂ ಸುಮಾರು ಮೂರರಲ್ಲಿ ಎರಡು ಸಲ ಮಾತ್ರ ಬದಲಾಯಿಸಿದರು. ಪಾರಿವಾಳವು ಬಂದ ಫಲವನ್ನು ಎಣಿಸಿತು, ಮನುಷ್ಯನು ತನ್ನ ತಲೆಯಲ್ಲಿದ್ದ ಸಿದ್ಧಾಂತವನ್ನು ನಂಬಿದನು.

ಇನ್ನೊಂದು ಪರೀಕ್ಷೆ ೨೦೦೫ರದು. ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರೂ ವೈಟನ್ ಎಂಬುವರು ಒಂದು ಪೆಟ್ಟಿಗೆಯಿಂದ ತಿಂಡಿ ತೆಗೆಯುವ ಬಗೆಯನ್ನು ಚಿಂಪಾಂಜಿ ಮರಿಗಳಿಗೂ ಮೂರು ನಾಲ್ಕು ವರ್ಷದ ಮಕ್ಕಳಿಗೂ ತೋರಿಸಿದರು. ತೋರಿಸುವಾಗ ಬೇಕಾದ ಕೆಲಸದ ಜೊತೆಗೆ, ಪೆಟ್ಟಿಗೆಯ ಮೇಲಿನ ತೂತಿನಲ್ಲಿ ಕೋಲು ಹಾಕಿ ಕುಟ್ಟುವ ಬೇಡದ ಕೆಲಸವನ್ನೂ ಸೇರಿಸಿದರು. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ ಮೇಲಿನ ತೂತಿಗೂ ತಿಂಡಿಗೂ ಸಂಬಂಧವಿಲ್ಲವೆಂದು ಕಣ್ಣಿಗೆ ಕಾಣುತ್ತಿತ್ತು. ಆಗ ಚಿಂಪಾಂಜಿಗಳು ಕುಟ್ಟುವುದನ್ನು ಬಿಟ್ಟು ನೇರವಾಗಿ ತಿಂಡಿ ತೆಗೆದುಕೊಂಡವು. ಮಕ್ಕಳು ಮಾತ್ರ ಮೊದಲು ಕುಟ್ಟಿ ಆಮೇಲೆ ತೆಗೆದರು.

ಇದನ್ನು ಓದಿ ಮಕ್ಕಳನ್ನು ಹಾಸ್ಯಮಾಡುವುದು ಸರಿಯಲ್ಲ. ಅಜ್ಜಿಯು ಉಪ್ಪಿನಕಾಯಿ ಹಾಕುವಾಗ ಭರಣಿಯನ್ನು ಬಿಸಿಲಿಗಿಡುತ್ತಾಳೆ, ಒದ್ದೆ ಕೈ ತಾಗಿಸಬೇಡವೆನ್ನುತ್ತಾಳೆ, ಎಣ್ಣೆ ಕಾಯಿಸಿ ಆರಿಸಿ ಸುರಿಯುತ್ತಾಳೆ. ಕಾರಣ ಕೇಳಿದರೆ ಹೀಗೆಯೇ ಮಾಡಬೇಕು ಎನ್ನುತ್ತಾಳೆ. ಇದರಲ್ಲಿ ಯಾವುದು ಬೇಕಾದದ್ದು, ಯಾವುದು ಬೇಡದ್ದು ಎಂದು ಕಲಿಯುವ ಸೊಸೆಗೆ ತಿಳಿಯದು. ಎಲ್ಲವನ್ನೂ ಹಾಗೆಯೇ ಮಾಡಿದರೆ ಉಪ್ಪಿನಕಾಯಿ ಬೂಸಲು ಹಿಡಿಯದೆ ವರ್ಷಗಟ್ಟಲೆ ಇರುತ್ತದೆ. ಕಾರಣ ತಿಳಿಯದಿದ್ದರೂ ಹಿರಿಯರಿಂದ ಪೂರ್ತಿಯಾಗಿ ಕಲಿಯುವ ಈ ಗುಣದಿಂದಲೇ ಒಂದು ತಲೆಮಾರಿನ ತಿಳಿವಳಿಕೆ ಮುಂದಿನದಕ್ಕೆ ಸಾಗುತ್ತದೆ. ಅದೇ ಗುಣದಿಂದ ಬೇಡದ ಕುಟ್ಟುವಿಕೆಗಳೂ ಸಾಗುತ್ತವೆ. ಮನುಷ್ಯನ ದೊಡ್ಡತನವೂ ಸಣ್ಣತನವೂ ಒಂದೇ ಬೇರಿನಿಂದ ಬಂದವು.

ಸಮಾನವಾದ ತಪ್ಪುಗಳು

ಇನ್ನು ಕೆಲವು ತಪ್ಪುಗಳು ಮನುಷ್ಯನಿಗೂ ಪ್ರಾಣಿಗೂ ಸಮಾನವಾದವು. ಎಲ್ಲವನ್ನೂ ತಿಳಿದು ಅತ್ಯುತ್ತಮವಾದುದನ್ನು ಆರಿಸುವ ಶಕ್ತಿ ಯಾರಿಗೂ ಇಲ್ಲ, ಸಾಕೆನಿಸುವುದು ಸಿಕ್ಕ ಕೂಡಲೇ ಮನುಷ್ಯನು ಹುಡುಕುವುದನ್ನು ನಿಲ್ಲಿಸುತ್ತಾನೆ ಎಂದು ಹೇಳಿದವನು ಹರ್ಬರ್ಟ್ ಸೈಮನ್. ಅವನಿಗೆ ೧೯೭೮ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು. ಅಕ್ಕಿ ಕೊಳ್ಳಲು ಹೋದವರು ಊರಿನ ಎಲ್ಲ ಅಂಗಡಿಗಳನ್ನೂ ಸುತ್ತುವುದಿಲ್ಲ, ಸುತ್ತಿದರೆ ಉಳಿತಾಯಕ್ಕಿಂತ ಚಪ್ಪಲಿಯ ಸವೆತವೇ ಹೆಚ್ಚಾದೀತು. ಇದು ತಪ್ಪಲ್ಲ, ಇತಿಮಿತಿಯಲ್ಲಿ ನಡೆಯುವ ವಿವೇಕ.

ಆದರೆ ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಇಬ್ಬರು ಪಂಡಿತರು ನಮ್ಮ ಲೆಕ್ಕವು ಒಂದೇ ಕಡೆಗೆ ವಾಲುತ್ತದೆಂದು ತೋರಿಸಿದರು. ನೂರು ರೂಪಾಯಿ ಬಂದಾಗ ಆಗುವ ಸಂತೋಷಕ್ಕಿಂತ ನೂರು ರೂಪಾಯಿ ಹೋದಾಗ ಆಗುವ ದುಃಖ ದೊಡ್ಡದು. ೧೯೮೧ರಲ್ಲಿ ಅವರು ಒಂದು ಪ್ರಶ್ನೆಯನ್ನು ಎರಡು ಮಾತುಗಳಲ್ಲಿ ಕೇಳಿದರು. ರೋಗವೊಂದರಿಂದ ೬೦೦ ಜನರಿಗೆ ಮರಣಭಯವಿದೆ. ಒಂದು ಉಪಾಯದಿಂದ ೨೦೦ ಜನ ಖಚಿತವಾಗಿ ಉಳಿಯುತ್ತಾರೆ, ಇನ್ನೊಂದರಿಂದ ಎಲ್ಲರೂ ಉಳಿಯುವ ಸಂಭವ ಮೂರರಲ್ಲಿ ಒಂದು, ಯಾರೂ ಉಳಿಯದಿರುವ ಸಂಭವ ಮೂರರಲ್ಲಿ ಎರಡು ಎಂದಾಗ ನೂರಕ್ಕೆ ೭೨ ಮಂದಿ ಖಚಿತವಾದುದನ್ನು ಆರಿಸಿದರು. ಮೊದಲನೆಯದರಿಂದ ೪೦೦ ಜನ ಖಚಿತವಾಗಿ ಸಾಯುತ್ತಾರೆ ಎಂದು ಅದನ್ನೇ ತಿರುಗಿಸಿ ಬೇರೆಯವರನ್ನು ಕೇಳಿದಾಗ ನೂರಕ್ಕೆ ೭೮ ಮಂದಿ ಅದನ್ನು ಬಿಟ್ಟು ಅದೃಷ್ಟದ ದಾರಿ ಹಿಡಿದರು. ಲೆಕ್ಕ ಒಂದೇ, ಮಾತು ಬೇರೆ, ನಿರ್ಧಾರ ತಲೆಕೆಳಗು.

ಕೋತಿಗಳಲ್ಲಿಯೂ ಈ ವಾಲುವಿಕೆ ಇದೆಯೆಂದು ೨೦೦೬ರಲ್ಲಿ ತಿಳಿದುಬಂತು. ಅಮೆರಿಕದಲ್ಲಿ ಕಪುಚಿನ್ ಜಾತಿಯ ಕೋತಿಗಳಿಗೆ ಬಿಲ್ಲೆ ಕೊಟ್ಟು ಸೇಬಿನ ಹೋಳು ಕೊಳ್ಳಲು ಕಲಿಸಿದ್ದರು. ಒಬ್ಬ ಮಾರುವವನು ಒಂದು ಹೋಳು ತೋರಿಸಿ ಕೆಲವು ಸಲ ಇನ್ನೊಂದನ್ನು ಸೇರಿಸುತ್ತಿದ್ದನು, ಮತ್ತೊಬ್ಬನು ಎರಡು ತೋರಿಸಿ ಕೆಲವು ಸಲ ಒಂದನ್ನು ಹಿಂತೆಗೆದುಕೊಳ್ಳುತ್ತಿದ್ದನು. ಕೊನೆಗೆ ಇಬ್ಬರಿಂದಲೂ ಸಿಗುವುದು ಅಷ್ಟೇ. ಆದರೂ ಕೋತಿಗಳು ಹೆಚ್ಚಾಗಿ ಮೊದಲನೆಯವನ ಬಳಿಗೇ ಹೋದವು. ತೂಗಿದ ಮೇಲೆ ಕೊಸರು ಹಾಕುವ ತರಕಾರಿಯವನ ಬಳಿಗೇ ನಾವೂ ಹೋಗುತ್ತೇವಷ್ಟೆ!

ಆಗಿಹೋದ ಖರ್ಚಿಗೆ ಅಂಟಿಕೊಳ್ಳುವುದು ಇನ್ನೊಂದು ತಪ್ಪು. ಕಿರ್ದಿ ಖಾತೆ ಬರೆಯುವವರಿಗೆ ಗೊತ್ತು, ಹೋದದ್ದನ್ನು ಖರ್ಚಿನ ಕಡೆ ಬರೆದು ಮುಗಿಸಬೇಕು, ಮುಂದಿನ ಖರೀದಿಯನ್ನು ಮುಂದಿನ ಲಾಭನಷ್ಟದಿಂದ ತೂಗಬೇಕು. ಆದರೂ ಇಷ್ಟು ಹಾಕಿದ್ದೇವೆ, ಈಗ ಬಿಡುವುದು ಹೇಗೆ ಎಂದು ನಷ್ಟದ ಬಾವಿಗೆ ಮತ್ತೂ ಹಣ ಸುರಿಯುವವರುಂಟು. ಇದು ಮನುಷ್ಯನೊಬ್ಬನದೇ ಎಂದು ಹಲವರು ಭಾವಿಸಿದ್ದರು. ೨೦೧೮ರಲ್ಲಿ ಇಲಿ, ಹೆಗ್ಗಣ, ಮನುಷ್ಯ ಈ ಮೂವರನ್ನೂ ಒಂದೇ ಬಗೆಯ ಪರೀಕ್ಷೆಗೆ ಒಡ್ಡಿದಾಗ, ಕಾದಷ್ಟು ಹೊತ್ತು ಹೆಚ್ಚಿದಂತೆ ಬಿಟ್ಟುಹೋಗುವ ಮನಸ್ಸು ಮೂವರಲ್ಲಿಯೂ ಕಡಮೆಯಾಯಿತು. ಈ ವಿಷಯದಲ್ಲಿ ನಾವೂ ಹೆಗ್ಗಣವೂ ದಾಯಾದಿಗಳು.

ಮನುಷ್ಯನ ಹೆಚ್ಚಳವೆಲ್ಲಿ?

ಹಾಗಾದರೆ ಮನುಷ್ಯನ ಹೆಚ್ಚಳವೇನೂ ಇಲ್ಲವೇ? ಇದೆ. ಆದರೆ ಅದನ್ನು ಒಬ್ಬನ ತಲೆಯೊಳಗೆ, ಅದೂ ಭಯದ ಹೊತ್ತಿನಲ್ಲಿ, ಹುಡುಕಿದರೆ ಸಿಗದು. ಇದಕ್ಕೆ ಈ ಆಂಧ್ರ ದೇಶದ ಕರಾವಳಿಯೇ ಸಾಕ್ಷಿ.

೧೯೭೭ನೆಯ ಇಸವಿ ನವೆಂಬರ್ ೧೯ರಂದು ವಿಜಯವಾಡಕ್ಕೆ ಕೆಳಗೆ ಕೃಷ್ಣೆಯು ಕಡಲು ಸೇರುವ ದಿವಿಸೀಮೆಗೆ ಚಂಡಮಾರುತ ಅಪ್ಪಳಿಸಿತು. ಗಾಳಿಗಿಂತ ಹೆಚ್ಚಾಗಿ ಕೊಂದದ್ದು ಕಡಲಿನ ಉಬ್ಬರ. ಮರಗಳೆತ್ತರದ ನೀರು ಸಮತಟ್ಟಾದ ಹೊಲಗಳ ಮೇಲೆ ಒಳನಾಡಿಗೆ ನುಗ್ಗಿತು. ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಸತ್ತ ದನಕರುಗಳ ಸಂಖ್ಯೆ ಲಕ್ಷಗಳಲ್ಲಿ. ಅಂದಿನ ಹಳ್ಳಿಗರಿಗೆ ಬುದ್ಧಿ ಕಡಮೆಯಿತ್ತೆಂದು ಯಾರೂ ಹೇಳಲಾರರು. ಆಗ ಸುದ್ದಿ ಮುಟ್ಟಿಸುವ ಏರ್ಪಾಡು ದುರ್ಬಲವಾಗಿತ್ತು, ಓಡಿಹೋಗಲು ಎತ್ತರದ ಗಟ್ಟಿ ಕಟ್ಟಡಗಳಿರಲಿಲ್ಲ.

೨೦೧೪ರ ಅಕ್ಟೋಬರ್ ೧೨ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣದ ಮೇಲೆಯೇ ಹಾಯಿತು. ಗಾಳಿಯ ವೇಗ ಗಂಟೆಗೆ ಸುಮಾರು ೧೮೦ ಕಿಲೋಮೀಟರು. ವಿಮಾನ ನಿಲ್ದಾಣದ ಚಾವಣಿ ಕಿತ್ತುಹೋಯಿತು, ಊರಿನ ಮರಗಳಲ್ಲಿ ಹೆಚ್ಚಿನವು ಉರುಳಿದವು, ದಿನಗಟ್ಟಲೆ ವಿದ್ಯುತ್ತಿರಲಿಲ್ಲ. ಆದರೆ ಆಂಧ್ರದಲ್ಲಿ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಎರಡು ಚಂಡಮಾರುತಗಳೂ ಒಂದೇ ಬಗೆಯವಲ್ಲ. ದಿವಿಸೀಮೆಯ ನೆಲ ತಗ್ಗಿನದು, ವಿಶಾಖಪಟ್ಟಣದಲ್ಲಿ ಬೆಟ್ಟಗಳಿವೆ, ಕಡಲಿನ ಉಬ್ಬರವೂ ಈ ಸಲ ಚಿಕ್ಕದು. ಇಷ್ಟನ್ನು ಕಳೆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಉಪಗ್ರಹವೂ ರಾಡಾರೂ ದಿನಗಳ ಮುಂಚೆ ಬಿರುಗಾಳಿಯ ದಾರಿಯನ್ನು ಹೇಳಿದವು, ಲಕ್ಷಕ್ಕೂ ಹೆಚ್ಚು ಜನರನ್ನು ಗಾಳಿ ಏಳುವ ಮೊದಲೇ ತಗ್ಗಿನಿಂದ ಸಾಗಿಸಿದರು. ಆ ದಿನ ಯಾರೋ ಒಬ್ಬ ಬುದ್ಧಿವಂತನು ಯೋಚಿಸಿ ಮಾಡಿದ ಕೆಲಸ ಇದಲ್ಲ. ಹಿಂದೆ ಸತ್ತವರ ಲೆಕ್ಕವನ್ನು ಬರೆದಿಟ್ಟು, ಎಷ್ಟು ಗಾಳಿಗೆ ಯಾರನ್ನು ಎಲ್ಲಿಗೆ ಸಾಗಿಸಬೇಕೆಂದು ಮಳೆ ಬಾರದ ದಿನಗಳಲ್ಲಿ ಕುಳಿತು ಗೊತ್ತುಮಾಡಿದ್ದರ ಫಲ. ಜೇನು ತಾನು ಕಂಡ ಪೊಟರೆಯನ್ನು ಹೇಳಬಲ್ಲದು. ಸತ್ತುಹೋದ ಜೇನುಗಳು ಕಂಡದ್ದನ್ನು ಹೇಳಲಾರದು. ಮನುಷ್ಯನು ಹೇಳಬಲ್ಲನು. ಅವನ ಹೆಚ್ಚಳವಿರುವುದು ಇಲ್ಲಿ.

ಈ ಹೆಚ್ಚಳವನ್ನು ಬಳಸದೆ ಹೋದರೆ ಏನಾಗುತ್ತದೆಂಬುದಕ್ಕೂ ಸಾಕ್ಷಿಯಿದೆ. ೨೦೨೪ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ವಿಜಯವಾಡದ ಸುತ್ತ ಭಾರಿ ಮಳೆಯಾಗಿ ಬುಡಮೇರು ಹೊಳೆ ಉಕ್ಕಿತು. ಬುಡಮೇರಿನ ನೀರನ್ನು ಕೃಷ್ಣೆಗೆ ತಿರುಗಿಸುವ ಕಾಲುವೆಯ ಏರಿ ಒಡೆಯಿತು. ಕೃಷ್ಣೆಯೂ ಆಗ ತುಂಬಿ ಹರಿಯುತ್ತಿತ್ತು. ಪ್ರಕಾಶಂ ಬ್ಯಾರೇಜಿನಲ್ಲಿ ೧೧.೪೩ ಲಕ್ಷ ಕ್ಯೂಸೆಕ್ ನೀರು ಹರಿದು ಹಿಂದಿನ ದಾಖಲೆಗಳನ್ನೆಲ್ಲ ಮೀರಿತು. ಸಿಂಗನಗರದ ಕಡೆಯ ಬಡಾವಣೆಗಳಲ್ಲಿ ಜನರು ಮಾಳಿಗೆಯ ಮೇಲೆ ದಿನಗಟ್ಟಲೆ ಸಿಕ್ಕಿಬಿದ್ದರು, ಹಾಲು ಅನ್ನವನ್ನು ದೋಣಿಯಿಂದಲೂ ಹೆಲಿಕಾಪ್ಟರಿನಿಂದಲೂ ಮುಟ್ಟಿಸಬೇಕಾಯಿತು. ಬುಡಮೇರಿಗೆ ವಿಜಯವಾಡದ ಕಣ್ಣೀರು ಎಂಬ ಹೆಸರು ಹಳೆಯದು, ೨೦೦೫ರಲ್ಲಿಯೂ ಅದು ಉಕ್ಕಿತ್ತು. ಆದರೂ ಅದರ ಹರಿವಿನ ಜಾಗದಲ್ಲಿಯೇ ಊರು ಬೆಳೆಯಿತು. ನಿವೇಶನದ ಬೆಲೆ ಕಡಮೆ, ನೀರು ಪ್ರತಿವರ್ಷ ಬರುವುದಿಲ್ಲ, ನೆರೆಯವರೂ ಕಟ್ಟಿದ್ದಾರೆ ಎಂಬ ಮೂರು ಕಾರಣಗಳು ಪ್ರತಿಯೊಬ್ಬರಿಗೂ ಸರಿಯಾಗಿಯೇ ಕಂಡವು. ದೀಪದ ಕಡೆಗೆ ನಡೆದ ಆಮೆಮರಿಗೂ ಅದರ ನಿಯಮ ಸರಿಯಾಗಿಯೇ ಇತ್ತು. ಆಮೆಗೆ ಹಳೆಯ ದಾಖಲೆ ಓದುವ ಶಕ್ತಿಯಿಲ್ಲ, ನಮಗಿದೆ. ಓದದೆ ಬಿಟ್ಟದ್ದು ನಮ್ಮದೇ ಆಯ್ಕೆ.

ಪ್ರಾಣಿಗಳಿಗೆ ಆಪತ್ತು ಮೊದಲೇ ತಿಳಿಯುತ್ತದೆ, ನಾಯಿ ಊಳಿಟ್ಟರೆ ಸಾಕು ಎಂದು ನಂಬುವವರು ನಮ್ಮಲ್ಲಿದ್ದಾರೆ. ೨೦೦೪ರ ಡಿಸೆಂಬರ್ ೨೬ರ ಸುನಾಮಿಯ ನಂತರ ಇಂಥ ಕಥೆಗಳು ಬಹಳ ಹಬ್ಬಿದವು. ಪ್ರಾಣಿಗಳ ಕಿವಿ ಮೂಗು ನಮ್ಮವಕ್ಕಿಂತ ಚುರುಕೆಂಬುದು ನಿಜ. ಆದರೆ ನಾಯಿ ಊಳಿಟ್ಟು ಏನೂ ಆಗದ ರಾತ್ರಿಗಳನ್ನು ಯಾರೂ ಎಣಿಸಿಡುವುದಿಲ್ಲ, ಆಪತ್ತು ಬಂದ ರಾತ್ರಿಯನ್ನು ಮಾತ್ರ ನೆನಪಿಡುತ್ತಾರೆ. ಆ ಸುನಾಮಿಯ ಪಾಠದಿಂದ ೨೦೦೭ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಸ್ಥಾಪನೆಯಾಯಿತು. ನಾಯಿಗಿಂತ ಅದನ್ನು ನಂಬುವುದು ಮೇಲು.

ಮನೆಯಲ್ಲಿ ಮಾಡಬೇಕಾದದ್ದು

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮದೇ. ನೀರು ಹೊಸ್ತಿಲಿಗೆ ಬಂದಾಗ ಯೋಚಿಸಲು ಕುಳಿತರೆ ಮೇಲೆ ಹೇಳಿದ ತಪ್ಪುಗಳೆಲ್ಲ ಒಟ್ಟಿಗೆ ಬಂದು ಕೂರುತ್ತವೆ. ಹೋದ ಸಲ ಮೊಣಕಾಲಿಗೇ ನಿಂತಿತ್ತು ಎಂಬುದು ಹಳೆಯ ನಿಯಮ. ಮನೆಗೆ ಇಷ್ಟು ಹಾಕಿದ್ದೇವೆ, ಬಿಟ್ಟುಹೋಗುವುದು ಹೇಗೆ ಎಂಬುದು ಆಗಿಹೋದ ಖರ್ಚು. ಪಕ್ಕದವರು ಹೊರಟಿಲ್ಲ ಎಂಬುದು ಬೇಡದ ಕುಟ್ಟುವಿಕೆ. ಆದ್ದರಿಂದ ನಿರ್ಧಾರವನ್ನು ಬಿಸಿಲಿನ ದಿನದಲ್ಲಿಯೇ ಮಾಡಿ, ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವುದು ಲೇಸು. ನೀರು ಯಾವ ಮೆಟ್ಟಿಲಿಗೆ ಬಂದರೆ ಹೊರಡುವುದು, ಯಾರ ಮನೆಗೆ ಅಥವಾ ಯಾವ ಶಾಲೆಗೆ ಹೋಗುವುದು, ಅಜ್ಜ ಅಜ್ಜಿಯರನ್ನು ಯಾರು ಕರೆದೊಯ್ಯುವುದು, ಕಾಗದಪತ್ರಗಳೂ ಔಷಧಿಯೂ ಯಾವ ಚೀಲದಲ್ಲಿವೆ, ಇಷ್ಟು ಅದರಲ್ಲಿದ್ದರೆ ಸಾಕು. ಆ ಹೊತ್ತಿನಲ್ಲಿ ವಾದ ಬೇಡ, ಚೀಟಿಯಂತೆ ನಡೆಯಬೇಕು.

ಬಂದರಿನಲ್ಲಿ ಏರಿಸುವ ಎಚ್ಚರಿಕೆಯ ಗುರುತುಗಳು ೧ರಿಂದ ೧೧ರ ವರೆಗೆ ಇವೆ. ೮, ೯, ೧೦ ಮಹಾ ಅಪಾಯದ ಗುರುತುಗಳು; ಅವುಗಳಲ್ಲಿ ೧೦ ಎಂದರೆ ಬಿರುಗಾಳಿಯು ಬಂದರಿನ ಮೇಲೆಯೇ ಅಥವಾ ತೀರ ಹತ್ತಿರ ಹಾಯುವುದೆಂದು ಅರ್ಥ. ೧೧ ಎಂದರೆ ಮುನ್ನೆಚ್ಚರಿಕೆ ಕೇಂದ್ರದೊಡನೆ ಸಂಪರ್ಕವೇ ತಪ್ಪಿದೆಯೆಂದು ಅರ್ಥ. ತೆಲುಗು ಇನ್ನೂ ಬಾರದ ಹೊಸಬರ ಮನೆಗಳಿಗೆ ಈ ಸಂಖ್ಯೆಗಳ ಅರ್ಥವನ್ನು ಬಲ್ಲವರು ಹೇಳಿಕೊಡಬೇಕು. ಬಿರುಗಾಳಿಯ ನಡುಭಾಗವು ಊರಿನ ಮೇಲೆ ಬಂದಾಗ ಗಾಳಿ ಥಟ್ಟನೆ ನಿಲ್ಲುತ್ತದೆ, ಆಕಾಶವೂ ತಿಳಿಯಾಗಬಹುದು. ಕಣ್ಣು ಕಿವಿಗಳೆರಡೂ ಮುಗಿಯಿತೆಂದು ಹೇಳುತ್ತವೆ. ಸ್ವಲ್ಪ ಹೊತ್ತಿನಲ್ಲಿ ಎದುರು ದಿಕ್ಕಿನಿಂದ ಅಷ್ಟೇ ಜೋರಾದ ಗಾಳಿ ಬೀಸುತ್ತದೆ. ಆಗ ಕಣ್ಣನ್ನು ನಂಬದೆ, ಹೊರಬರಬಹುದೆಂಬ ಸೂಚನೆ ಬರುವ ವರೆಗೆ ಒಳಗೇ ಇರತಕ್ಕದ್ದು.

ಕೊನೆಯದಾಗಿ ಒಂದು ಮಾತು. ದನ, ಎಮ್ಮೆ, ಆಡು ಸಾಕಿದವರು ಮನೆ ಬಿಡುವ ಮೊದಲು ಅವುಗಳ ಹಗ್ಗ ಬಿಚ್ಚಬೇಕೆಂದು ಎಚ್ಚರಿಕೆ ಕೊಡುವವರು ಯಾವಾಗಲೂ ಹೇಳುತ್ತಾರೆ. ಬಿಚ್ಚಿದ ಎಮ್ಮೆ ಈಜಬಲ್ಲದು, ದಿಬ್ಬ ಹುಡುಕಬಲ್ಲದು. ಕಟ್ಟಿದ ಎಮ್ಮೆಗೆ ಎಷ್ಟು ವಿವೇಕವಿದ್ದರೂ ಉಪಯೋಗವಿಲ್ಲ, ಏಕೆಂದರೆ ಅದರ ಪರವಾಗಿ ಗೂಟದ ಬಳಿ ನಾವು ನಿರ್ಧರಿಸಿಬಿಟ್ಟಿರುತ್ತೇವೆ. ಮನುಷ್ಯನ ವಿವೇಕವು ದೊಡ್ಡದೋ ಪ್ರಾಣಿಯದು ದೊಡ್ಡದೋ ಎಂಬ ವಾದವನ್ನು ಪಂಡಿತರು ಮುಂದುವರಿಸಲಿ. ಗಂಟು ಬಿಚ್ಚುವ ಕೈ ಇರುವುದು ನಮಗೆ, ಆದ್ದರಿಂದ ಮುಂಚಿತವಾಗಿ ಯೋಚಿಸುವ ಹೊಣೆಯೂ ನಮ್ಮದೇ. ಈ ವಿಷಯದಲ್ಲಿ ಸದಸ್ಯರಿಗೆ ತಿಳಿದ ಬೇರೆ ಸಂಗತಿಗಳಿದ್ದರೆ, ವಿಶೇಷವಾಗಿ ಹಳೆಯ ನೆರೆಯ ನೀರು ತಮ್ಮ ಬೀದಿಯಲ್ಲಿ ಎಲ್ಲಿಯ ವರೆಗೆ ಬಂದಿತ್ತೆಂಬ ನೆನಪಿದ್ದರೆ, ವಾಚನಾಲಯದ ಮೇಜಿನ ಮೇಲಿರುವ ಪುಸ್ತಕದಲ್ಲಿ ಬರೆದಿಡಬೇಕೆಂದು ಕೋರುತ್ತೇವೆ. ಮುಂದೆ ಬರುವವರು ಅದನ್ನು ಓದಲಿ.